ಗರ್ಭಿಣಿಯರು ಹಸಿ ಹಾಲಿನ ಚೀಸ್ ತಿನ್ನಬಹುದೇ?

ಪ್ರಶ್ನೆ: ನನ್ನ ಮಗಳು ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಇದ್ದಾಳೆ. ಈಗ ಅವಳಿಗೆ ಐದು ತಿಂಗಳು. ಪನೀರ್‌ಗೆ ಬದಲಾಗಿ ಅಲ್ಲಿನ ಮೆಕ್ಸಿಕನ್ ಅಂಗಡಿಯಿಂದ ‘ಕೇಸೊ ಫ್ರೆಸ್ಕೊ’ ಎಂಬ ಬಿಳಿಯ ಮೆದು ಚೀಸ್ ತಂದು, ಹಾಗೆಯೇ ಪುಡಿ ಮಾಡಿ ಕೋಸಂಬರಿ, ಚಪಾತಿಯ ಮೇಲೆಲ್ಲ ಉದುರಿಸಿಕೊಂಡು ತಿನ್ನುತ್ತಾಳೆ. ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿಯೊಬ್ಬರು ಪ್ರೀತಿಯಿಂದ, ಹಸಿ ಹಾಲಿನಲ್ಲಿ ತಾವೇ ಮಾಡಿದ ಚೀಸನ್ನೂ ಆಗಾಗ ಕೊಡುತ್ತಾರಂತೆ. ಹಸಿ ಹಾಲಿನದು ಅಪಾಯ ಎಂದು ಯಾರೋ ಹೇಳಿದ್ದಾರೆ. ಆದರೆ ಯುರೋಪಿನವರು ತಲೆತಲಾಂತರದಿಂದ ಅದನ್ನೇ ತಿನ್ನುತ್ತಿದ್ದಾರಲ್ಲ, ನಾವೂ ಗಿಣ್ಣು ತಿಂದೇ ಬೆಳೆದವರಲ್ಲವೇ? ನಿಜವಾಗಿ ಹೆದರಬೇಕೇ? ಈಗಾಗಲೇ ತಿಂದಿರುವುದಕ್ಕೆ ಏನು ಮಾಡಬೇಕು?

ಉತ್ತರ: ಮೊದಲು ನೇರವಾದ ಮಾತು ಹೇಳಿಬಿಡುತ್ತೇನೆ. ಹೆರಿಗೆಯಾಗುವವರೆಗೆ ನಿಮ್ಮ ಮಗಳು ಪಕ್ಕದ ಮನೆಯ ಹಸಿ ಹಾಲಿನ ಚೀಸನ್ನು ತಿನ್ನಲೇಬಾರದು. ಅಂಗಡಿಯ ಕೇಸೊ ಫ್ರೆಸ್ಕೊವನ್ನು, ಅದರ ಪೊಟ್ಟಣದ ಮೇಲೆ ಪಾಶ್ಚರೀಕರಿಸಿದ ಹಾಲಿನದು ಎಂದು ಬರೆದಿದ್ದರೂ, ಹಬೆಯಾಡುವಷ್ಟು ಬಿಸಿ ಮಾಡದೆ ತಿನ್ನಬಾರದು. ಈಗಾಗಲೇ ತಿಂದಿದ್ದು ಯಾವ ತೊಂದರೆಯೂ ಕಾಣಿಸಿಕೊಂಡಿಲ್ಲವಾದರೆ ಗಾಬರಿಯಾಗುವ ಅಗತ್ಯವಿಲ್ಲ. ಆದರೆ ಮುಂದಿನ ಎರಡು ತಿಂಗಳು ಜ್ವರದ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಿಮ್ಮ ಮಗಳಿರುವ ಊರು, ಆಕೆ ತಿನ್ನುತ್ತಿರುವ ಚೀಸು, ಆಕೆ ಇರುವ ಸ್ಥಿತಿ, ಈ ಮೂರೂ ಒಟ್ಟಿಗೆ ಸೇರಿದ ಒಂದು ದುರಂತ ಈ ವಿಷಯದ ಇತಿಹಾಸದಲ್ಲೇ ದೊಡ್ಡದಾಗಿ ದಾಖಲಾಗಿದೆ.

1985ರ ಮೊದಲ ತಿಂಗಳುಗಳಲ್ಲಿ ಲಾಸ್ ಏಂಜಲೀಸ್‌ನ ಆಸ್ಪತ್ರೆಗಳಲ್ಲಿ ಗರ್ಭಿಣಿಯರು ಜ್ವರದೊಂದಿಗೆ ಬಂದು ದಾಖಲಾಗುವುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವುದು ಅಥವಾ ಹುಟ್ಟಿದ ಕೂಡಲೇ ತೀವ್ರ ಸೋಂಕಿಗೆ ತುತ್ತಾಗುವುದು ಎಂದಿಗಿಂತ ಹೆಚ್ಚಾಗಿ ಕಾಣತೊಡಗಿತು. ಅವರಲ್ಲಿ ಬಹುಪಾಲು ಹೆಂಗಸರು ಮೆಕ್ಸಿಕೊ ಮೂಲದವರಾಗಿದ್ದರು. ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಲಿಸ್ಟೀರಿಯಾ ಮಾನೊಸೈಟೊಜೀನಸ್ ಎಂಬ ಬ್ಯಾಕ್ಟೀರಿಯಾ. ರೋಗಿಗಳು ಏನೇನು ತಿಂದಿದ್ದರು, ಅದೇ ವಯಸ್ಸಿನ, ಅದೇ ಬಡಾವಣೆಯ ಆರೋಗ್ಯವಂತರು ಏನೇನು ತಿಂದಿದ್ದರು ಎಂದು ಹೋಲಿಸಿ ನೋಡಿದಾಗ ಬೆರಳು ಹೋಗಿ ನಿಂತಿದ್ದು ಜಲಿಸ್ಕೊ ಎಂಬ ಕಂಪನಿಯ ಮೆಕ್ಸಿಕನ್ ಮಾದರಿಯ ಮೆದು ಚೀಸಿನ ಮೇಲೆ. ಜೂನ್ ತಿಂಗಳಲ್ಲಿ ಆ ಚೀಸನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಆಗಸ್ಟ್ ಮಧ್ಯದ ಹೊತ್ತಿಗೆ ಲಾಸ್ ಏಂಜಲೀಸ್ ಕೌಂಟಿಯೊಂದರಲ್ಲೇ 142 ಪ್ರಕರಣಗಳು ಲೆಕ್ಕಕ್ಕೆ ಸಿಕ್ಕಿದ್ದವು. ಅವುಗಳಲ್ಲಿ 93 ಗರ್ಭಿಣಿಯರಿಗೆ ಅಥವಾ ಅವರ ಶಿಶುಗಳಿಗೆ ಸಂಬಂಧಿಸಿದವು. ಸತ್ತವರು 48: ಹುಟ್ಟುವ ಮೊದಲೇ ಹೋದ 20 ಶಿಶುಗಳು, ಹುಟ್ಟಿದ ಮೇಲೆ ಉಳಿಯದ 10 ಹಸುಗೂಸುಗಳು, 18 ಮಂದಿ ದೊಡ್ಡವರು. ಗರ್ಭಿಣಿಯರಲ್ಲದ ರೋಗಿಗಳು ಒಟ್ಟು 49 ಮಂದಿ. ಅವರಲ್ಲಿ ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಯಾವುದಾದರೊಂದು ಕಾಯಿಲೆ ಅಥವಾ ಸ್ಥಿತಿ ಮೊದಲೇ ಇತ್ತು.

ಆ ಕಾರ್ಖಾನೆಯಲ್ಲಿ ಪಾಶ್ಚರೀಕರಣದ ಯಂತ್ರ ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗಾದರೆ ರೋಗಾಣು ಉಳಿದದ್ದು ಹೇಗೆ? ಇದನ್ನು ಬಯಲು ಮಾಡಿದ್ದು ಹಾಲಿನ ಪ್ರಯೋಗಾಲಯದಲ್ಲಿ ನಾವು ದಿನವೂ ಮಾಡುವ ಒಂದು ಸರಳ ಪರೀಕ್ಷೆ. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಎಂಬ ಕಿಣ್ವ ಸಹಜವಾಗಿಯೇ ಇರುತ್ತದೆ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಅಥವಾ 63 ಡಿಗ್ರಿಯಲ್ಲಿ 30 ನಿಮಿಷ ಇರಿಸಿದರೆ ಮೊದಲು ರೋಗಾಣುಗಳು ಸಾಯುತ್ತವೆ, ಅದಕ್ಕಿಂತ ತುಸು ಹೆಚ್ಚು ಶಾಖ ಬೇಡುವ ಈ ಕಿಣ್ವವೂ ಅಷ್ಟರಲ್ಲಿ ನಾಶವಾಗುತ್ತದೆ. ಹಾಗಾಗಿ ಗಾಜಿನ ನಳಿಕೆಯಲ್ಲಿ ತುಸು ಹಾಲು ಹಾಕಿ, ಅದಕ್ಕೆ ಪರೀಕ್ಷೆಯ ದ್ರಾವಣ ಸೇರಿಸಿ, 37 ಡಿಗ್ರಿಯ ನೀರಿನಲ್ಲಿ ಇಟ್ಟು ಕಾಯುತ್ತೇವೆ. ಬಣ್ಣ ಬದಲಾಗದೆ ಬಿಳಿಯಾಗಿಯೇ ಉಳಿದರೆ ಹಾಲು ಸರಿಯಾಗಿ ಕಾದಿದೆ ಎಂದರ್ಥ. ಹಳದಿಗೆ ತಿರುಗಿದರೆ ಕಾದಿಲ್ಲ, ಇಲ್ಲವೇ ಕಾದ ಹಾಲಿಗೆ ಆಮೇಲೆ ಹಸಿ ಹಾಲು ಬೆರೆತಿದೆ. ಜಲಿಸ್ಕೊ ಚೀಸಿನ ಕೆಲವು ಮಾದರಿಗಳಲ್ಲಿ ಇರಬಾರದಷ್ಟು ಫಾಸ್ಫಟೇಸ್ ಕಂಡುಬಂದಿತು. ಅಂದರೆ ಕಾಯಿಸಿದ ಹಾಲಿನ ಜೊತೆ ಕಾಯಿಸದ ಹಾಲೂ ಚೀಸಿಗೆ ಸೇರುತ್ತಿತ್ತು. ತಿಂದ ಯಾರಿಗೂ ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಅದು ಗೊತ್ತಾಗಿರಲಿಲ್ಲ, ಗೊತ್ತಾಗುವುದು ಸಾಧ್ಯವೂ ಇರಲಿಲ್ಲ.

ಹಸಿ ಹಾಲಿಗೆ ರೋಗಾಣು ಎಲ್ಲಿಂದ ಬರುತ್ತದೆ ಎಂದು ಹಸು ಕಟ್ಟಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕೆಚ್ಚಲಿಗೆ ಅಂಟಿದ ಸಗಣಿ, ಕರೆಯುವ ಕೈ, ಸರಿಯಾಗಿ ತೊಳೆಯದ ಕ್ಯಾನು, ಒಳಗೊಳಗೇ ಇರುವ ಕೆಚ್ಚಲು ಬಾವು, ಸರಿಯಾಗಿ ಹುಳಿಯದೆ ಕೆಟ್ಟ ರಸಮೇವು, ಇವೆಲ್ಲವೂ ದಾರಿಗಳೇ. ಎಷ್ಟೇ ಶುಚಿಯಾದ ಕೊಟ್ಟಿಗೆಯಲ್ಲೂ, ನೋಡಲು ಪೂರ್ತಿ ಆರೋಗ್ಯವಾಗಿರುವ ಹಸುವಿನ ಹಾಲಿನಲ್ಲೂ ಇವು ಇರಬಹುದು. ಇದಕ್ಕೆ ಚೀಸಿನ ವಿಶೇಷವೊಂದು ಸೇರಿಕೊಳ್ಳುತ್ತದೆ. ಒಂದು ಕಿಲೋ ಚೀಸಿಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ಹಾಲನ್ನು ಗಟ್ಟಿಗಟ್ಟಿಸುವ ರೆನೆಟ್ ಎಂಬ ಕಿಣ್ವ ಹಾಕಿದ ಹಾಲು ಹೆಪ್ಪಾಗುವಾಗ ಅದರಲ್ಲಿದ್ದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಆ ಗಟ್ಟಿಯೊಳಗೇ ಸಿಕ್ಕಿಕೊಳ್ಳುತ್ತವೆ, ನೀರು ಮಾತ್ರ ಬಸಿದುಹೋಗುತ್ತದೆ. ಹಾಲಿನಲ್ಲಿ ವಿರಳವಾಗಿದ್ದದ್ದು ಚೀಸಿನಲ್ಲಿ ದಟ್ಟವಾಗುವುದು ಹೀಗೆ.

ಅಲ್ಲಿಂದ ಮುಂದೆ ಅವು ಬದುಕುತ್ತವೋ ಸಾಯುತ್ತವೋ ಎಂಬುದು ಚೀಸಿನ ಹುಳಿ, ಉಪ್ಪು, ತೇವ ಮತ್ತು ಅದನ್ನು ಮಾಗಿಸುವ ಕಾಲದ ಮೇಲೆ ನಿಂತಿದೆ. ಇಟಲಿಯ ಪಾರ್ಮೆಜಾನ್ ಚೀಸಿಗೆ ಬಳಸುವುದು ಹಸಿ ಹಾಲನ್ನೇ. ಆದರೆ ಅದರ ಗಟ್ಟಿಯನ್ನು 55 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ, ಉಪ್ಪುನೀರಿನಲ್ಲಿ ಇಡುತ್ತಾರೆ, ಕನಿಷ್ಠ ಒಂದು ವರ್ಷ ಮಾಗಿಸುತ್ತಾರೆ. ಕಲ್ಲಿನಂತೆ ಒಣಗಿದ ಆ ಚೀಸಿನಲ್ಲಿ ರೋಗಾಣು ಬೆಳೆಯುವುದಿರಲಿ, ಉಳಿಯುವುದೇ ಕಷ್ಟ. ಕೇಸೊ ಫ್ರೆಸ್ಕೊ ಇದಕ್ಕೆ ತದ್ವಿರುದ್ಧ. ಅದನ್ನು ಮಾಗಿಸುವುದಿಲ್ಲ, ಬಹುಮಟ್ಟಿಗೆ ಹುಳಿ ಬರಿಸುವುದೂ ಇಲ್ಲ, ಉಪ್ಪು ಹದವಾಗಿರುತ್ತದೆ, ತೂಕದಲ್ಲಿ ಅರ್ಧದಷ್ಟು ನೀರೇ. ರೋಗಾಣುವಿಗೆ ಬೇಕಾದದ್ದೆಲ್ಲ ಅಲ್ಲಿದೆ, ಅದನ್ನು ತಡೆಯುವುದು ಯಾವುದೂ ಇಲ್ಲ. ಇಂಥ ಚೀಸನ್ನು ಫ್ರಿಜ್ಜಿನಲ್ಲಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲ್ಮೊನೆಲ್ಲಾದಂಥ ಹೆಚ್ಚಿನ ರೋಗಾಣುಗಳು ಫ್ರಿಜ್ಜಿನ ತಂಪಿನಲ್ಲಿ ಬೆಳೆಯದೆ ಸುಮ್ಮನಿರುತ್ತವೆ, ಲಿಸ್ಟೀರಿಯಾ ಹಾಗಲ್ಲ. 4 ಡಿಗ್ರಿಯಲ್ಲೂ ಅದು ನಿಧಾನವಾಗಿ, ಒಂದೆರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ. ಎರಡು ವಾರ ಫ್ರಿಜ್ಜಿನಲ್ಲಿದ್ದ ತುಂಡು ತಂದ ದಿನಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಪಾಯಕಾರಿಯಾಗಿರಬಹುದು, ನೋಡಲು ಮಾತ್ರ ಹಾಗೆಯೇ ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಲಿಸ್ಟೀರಿಯಾ ಯಾಕೆ ಇಷ್ಟು ಕ್ರೂರಿ ಎಂಬುದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ‘ನನಗೇನೂ ಆಗಲಿಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊಟ್ಟೆಯಲ್ಲಿರುವ ಮಗುವನ್ನು ತಾಯಿಯ ದೇಹ ಪರಕೀಯವೆಂದು ತಳ್ಳಿಹಾಕದಿರಲೆಂದು ಆ ಕಾಲದಲ್ಲಿ ನಿರೋಧಕ ಶಕ್ತಿಯ ಒಂದು ಭಾಗ ತಗ್ಗಿರುತ್ತದೆ. ಜೀವಕೋಶದ ಒಳಕ್ಕೇ ನುಗ್ಗಿ, ಪಕ್ಕದ ಕೋಶಕ್ಕೆ ದಾಟಿ, ರಕ್ತದ ಮೂಲಕ ಮಾಸನ್ನು ಸೇರಿ, ಅಲ್ಲಿಂದ ಮಗುವಿಗೆ ಹರಡುವ ಸಾಮರ್ಥ್ಯ ಈ ಬ್ಯಾಕ್ಟೀರಿಯಾಕ್ಕಿದೆ. ಗರ್ಭಿಣಿಯರಿಗೆ ಈ ಸೋಂಕು ತಗಲುವ ಸಂಭವ ಉಳಿದವರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ತಾಯಿಗೆ ಆಗುವುದು ಹೆಚ್ಚಾಗಿ ಸಣ್ಣ ಜ್ವರ, ಮೈಕೈ ನೋವು, ಸುಸ್ತು, ಒಮ್ಮೊಮ್ಮೆ ಬೇಧಿ. ಎರಡು ದಿನ ಮಲಗಿ ಎದ್ದರೆ ಹೋಯಿತು ಎನ್ನುವಂಥದ್ದು. ಮಗುವಿಗೆ ಮಾತ್ರ ಅದು ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಸತ್ತು ಹುಟ್ಟುವುದು, ಹುಟ್ಟಿದ ಮೇಲೆ ರಕ್ತದ ಸೋಂಕು ಅಥವಾ ಮೆನಿಂಜೈಟಿಸ್ ಆಗಿ ಎರಗಬಹುದು. ಸಾಮಾನ್ಯವಾಗಿ ತಿಂದ ಮರುದಿನವೇ ಇದು ಕಾಣಿಸಿಕೊಳ್ಳುವುದಿಲ್ಲ. ವಾರಗಳು ಕಳೆಯಬಹುದು, ಕೆಲವೊಮ್ಮೆ ಎಪ್ಪತ್ತು ದಿನದವರೆಗೂ ಹೋಗಬಹುದು. ಹೀಗಾಗಿ ಯಾವ ಊಟದಿಂದ ಬಂತು ಎಂಬುದು ತಿಂದವರಿಗೇ ಹೊಳೆಯುವುದಿಲ್ಲ.

ಪಕ್ಕದ ಮನೆಯ ಅಜ್ಜಿಯ ಚೀಸಿನ ವಿಷಯಕ್ಕೆ ಬರುತ್ತೇನೆ. ಅವರ ಪ್ರೀತಿಯ ಬಗ್ಗೆಯಾಗಲಿ, ಅವರ ಕೈಯ ಶುಚಿಯ ಬಗ್ಗೆಯಾಗಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ತೊಂದರೆ ಇರುವುದು ಅವರ ಮನೆಗೆ ಬರುವ ಹಾಲಿನಲ್ಲಿ. 2000ದ ಕೊನೆಯಿಂದ 2001ರ ಆರಂಭದವರೆಗೆ ನಾರ್ತ್ ಕೆರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ, ಹಸಿ ಹಾಲಿನಿಂದ ಮನೆಗಳಲ್ಲಿ ಮಾಡಿ ಮನೆಬಾಗಿಲಿಗೆ ಮಾರುತ್ತಿದ್ದ ಇಂಥದೇ ಚೀಸಿನಿಂದ ಮೆಕ್ಸಿಕೊ ಮೂಲದ ಹತ್ತು ಗರ್ಭಿಣಿಯರಿಗೆ ಲಿಸ್ಟೀರಿಯಾ ತಗಲಿತು. ಐದು ಶಿಶುಗಳು ಸತ್ತು ಹುಟ್ಟಿದವು, ಮೂರು ಹೆರಿಗೆಗಳು ಅವಧಿಗೆ ಮುಂಚೆ ಆದವು, ಎರಡು ಹಸುಗೂಸುಗಳಿಗೆ ಸೋಂಕಾಯಿತು. ಲಿಸ್ಟೀರಿಯಾ ಒಂದೇ ಅಲ್ಲ. 2001ರಿಂದ 2004ರ ನಡುವೆ ನ್ಯೂಯಾರ್ಕ್ ನಗರದಲ್ಲಿ ದನಗಳ ಕ್ಷಯದ ರೋಗಾಣುವಿನಿಂದ 35 ಮಂದಿಗೆ ಕ್ಷಯ ಬಂದದ್ದು ಪತ್ತೆಯಾಯಿತು. ಅವರಲ್ಲಿ ಹದಿನೈದು ತಿಂಗಳ ಮಗುವೊಂದು ತೀರಿಕೊಂಡಿತು. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಮೆಕ್ಸಿಕೊದಿಂದ ತಂದ ತಾಜಾ ಚೀಸಿನತ್ತ. ಇನ್ನು ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ. ಮಾಲ್ಟಾ ದ್ವೀಪದ ಜನರನ್ನೂ ಅಲ್ಲಿದ್ದ ಬ್ರಿಟಿಷ್ ಸೈನಿಕರನ್ನೂ ತಿಂಗಳುಗಟ್ಟಲೆ ಕಾಡುತ್ತಿದ್ದ ಜ್ವರದ ಮೂಲ ಆಡಿನ ಹಾಲಿನಲ್ಲಿದೆ ಎಂದು ಅಲ್ಲಿಯವರೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿಟ್ 1905ರಲ್ಲಿ ಕಂಡುಹಿಡಿದರು. ಆ ಆಡುಗಳು ನೋಡಲು ಏನೂ ಆಗದಂತೆ ಗುಂಡುಗುಂಡಾಗಿದ್ದವು. ನಮ್ಮಲ್ಲಿ ಹಸು, ಎಮ್ಮೆಗಳು ಕಂದು ಹಾಕುವುದಕ್ಕೆ ಕಾರಣವಾಗುವ, ರೈತರು ಕಂದು ರೋಗ ಎನ್ನುವ ಕಾಯಿಲೆಯೂ ಬ್ರುಸೆಲ್ಲಾದ್ದೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕುತ್ತಿರುವುದು ಈ ರೋಗವನ್ನು ತಡೆಯುವುದಕ್ಕಾಗಿಯೇ. ಹಳ್ಳಿಯ ಮನೆಗಳಲ್ಲಿ ಹಾಲು ಕಾಯಿಸದೆ ಕುಡಿಯಬಾರದು ಎಂಬ ಕಟ್ಟುನಿಟ್ಟು ಇಲ್ಲದಿದ್ದರೆ ಈ ರೋಗ ನಮ್ಮ ಜನರನ್ನು ಇನ್ನೆಷ್ಟು ಕಾಡುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಜ್ಜಿಗೆ ಬೇಡವೆನ್ನುವುದು ಮಗಳಿಗೆ ಮುಜುಗರವಾದೀತು. ಅದಕ್ಕೊಂದು ಒಳ್ಳೆಯ ದಾರಿ ಅಮೆರಿಕದಲ್ಲೇ ಇದೆ. 1997ರಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಹಸಿ ಹಾಲಿನ ಕೇಸೊ ಫ್ರೆಸ್ಕೊದಿಂದ ಸಾಲ್ಮೊನೆಲ್ಲಾ ಹರಡಿತ್ತು; ಹಲವು ಔಷಧಗಳಿಗೆ ಬಗ್ಗದ ತಳಿ ಅದು. ಅಲ್ಲಿನ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಚೀಸನ್ನೇ ಬಿಟ್ಟುಬಿಡಿ ಎಂದು ಜನರಿಗೆ ಉಪದೇಶಿಸಲು ಹೋಗಲಿಲ್ಲ. ಪಾಶ್ಚರೀಕರಿಸಿದ ಹಾಲಿನಲ್ಲಿಯೇ ಹಳೆಯ ರುಚಿ ಬರುವಂಥ ವಿಧಾನವೊಂದನ್ನು ರೂಪಿಸಿ, ಅದನ್ನು ಅಲ್ಲಿನ ಮೆಕ್ಸಿಕನ್ ಅಜ್ಜಿಯರಿಗೇ ಕಲಿಸಿದರು. ಅಜ್ಜಿಯರು ತಮ್ಮ ನೆರೆಹೊರೆಯವರಿಗೆ ಕಲಿಸಿದರು. ‘ಅಬುವೇಲಾ (ಸ್ಪ್ಯಾನಿಷ್‌ನಲ್ಲಿ ಅಜ್ಜಿ) ಪ್ರಾಜೆಕ್ಟ್’ ಎಂದು ಹೆಸರಾದ ಆ ಕೆಲಸದ ನಂತರ ಅಲ್ಲಿ ಸೋಂಕು ಗಣನೀಯವಾಗಿ ಇಳಿಯಿತು. ಸಾರ್ವಜನಿಕ ಆರೋಗ್ಯದಲ್ಲಿ ನಾನು ಬಹಳ ಗೌರವಿಸುವ ಕೆಲಸಗಳಲ್ಲಿ ಇದೂ ಒಂದು, ಏಕೆಂದರೆ ಅದು ಜನರ ಅಡುಗೆಯನ್ನು ಹೀಗಳೆಯದೆ ಅವರ ಮಕ್ಕಳನ್ನು ಕಾಪಾಡಿತು. ನಿಮ್ಮ ಮಗಳೂ ಅಂಗಡಿಯಿಂದ ಪಾಶ್ಚರೀಕರಿಸಿದ ಹಾಲು ತಂದುಕೊಟ್ಟು, ‘ಇದರಲ್ಲಿ ಮಾಡುವುದನ್ನು ನನಗೂ ಹೇಳಿಕೊಡಿ’ ಎಂದು ಆ ಅಜ್ಜಿಯನ್ನು ಕೇಳಬಹುದು. ಹಾಗೆ ಮಾಡಿದ್ದನ್ನೂ ಬಸುರಿಯಾಗಿರುವಷ್ಟು ದಿನ ಬಿಸಿ ಮಾಡಿಯೇ ತಿನ್ನಲಿ.

ಯುರೋಪಿನವರ ವಿಷಯ ಕೇಳಿದ್ದೀರಿ. ಅವರು ತಲೆತಲಾಂತರದಿಂದ ತಿನ್ನುತ್ತಿರುವುದು ನಿಜ, ಅದರಿಂದ ಕಾಯಿಲೆ ಬೀಳುತ್ತಿರುವುದೂ ನಿಜ. ಸ್ವಿಟ್ಜರ್ಲೆಂಡಿನ ವಾ ಪ್ರಾಂತ್ಯದಲ್ಲಿ 1983ರಿಂದ 1987ರವರೆಗೆ ವಾಶರಾನ್ ಮೊಂದೋರ್ ಎಂಬ ಮೆದು ಚೀಸಿನಿಂದ 122 ಮಂದಿಗೆ ಲಿಸ್ಟೀರಿಯಾ ತಗಲಿ, ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಚೀಸು ಮಾಗಿಸುವ ನೆಲಮಾಳಿಗೆಗಳ ಮರದ ಹಲಗೆಗಳಲ್ಲಿ, ಚೀಸಿನ ಮೈ ಉಜ್ಜುವ ಬ್ರಷ್‌ಗಳಲ್ಲಿ ರೋಗಾಣು ನೆಲೆಸಿತ್ತು. ಕ್ಯಾಮೆಂಬರ್‌ನಂಥ ಮೆದು ಚೀಸುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾಡಿದ ಹೊಸತರಲ್ಲಿ ಅವು ಸಾಕಷ್ಟು ಹುಳಿಯಾಗಿರುವುದರಿಂದ ಲಿಸ್ಟೀರಿಯಾ ಅಡಗಿರುತ್ತದೆ; ಮೇಲಿನ ಬಿಳಿಯ ಬೂಸು ಬೆಳೆಯುತ್ತ ಹುಳಿಯನ್ನು ಕರಗಿಸಿದಂತೆ, ಮುಖ್ಯವಾಗಿ ಹೊರಪದರದಲ್ಲಿ, ಅದು ಎಚ್ಚೆತ್ತು ಬೆಳೆಯತೊಡಗುತ್ತದೆ. ಆದ್ದರಿಂದ ಮಾಗಿದಷ್ಟೂ ಸುರಕ್ಷಿತ ಎಂಬ ಮಾತು ಗಟ್ಟಿ ಚೀಸಿಗೆ ಸಲ್ಲುತ್ತದೆ, ಇಂಥ ಮೆದು ಚೀಸಿಗೆ ಸಲ್ಲುವುದಿಲ್ಲ. ಸ್ವತಃ ಫ್ರಾನ್ಸ್, 2018ರಲ್ಲಿ ಹಸಿ ಹಾಲಿನ ರೆಬ್ಲೊಶೊನ್ ಚೀಸಿನಿಂದ ಪುಟ್ಟ ಮಕ್ಕಳಿಗೆ ವಿಷಕಾರಿ ಇ. ಕೊಲೈ ತಗಲಿ ಮೂತ್ರಪಿಂಡಗಳಿಗೆ ಹಾನಿಯಾದ ಮೇಲೆ, ಐದು ವರ್ಷದೊಳಗಿನ ಮಕ್ಕಳಿಗೆ ಹಸಿ ಹಾಲಿನ ಚೀಸ್ ಕೊಡಬೇಡಿ ಎಂದು ತನ್ನ ಜನರಿಗೆ ಸಲಹೆ ಮಾಡುತ್ತಿದೆ. ಗ್ರುಯೇರ್, ಕೊಂತೆಯಂತಹ, ಬೇಯಿಸಿ ಒತ್ತಿದ ಗಟ್ಟಿ ಚೀಸುಗಳಿಗೆ ಮಾತ್ರ ಅದು ವಿನಾಯಿತಿ ಕೊಟ್ಟಿದೆ.

ಅಮೆರಿಕದಲ್ಲಿ ಹಸಿ ಹಾಲಿನ ಚೀಸನ್ನು ಕನಿಷ್ಠ 60 ದಿನ ಮಾಗಿಸದೆ ಮಾರುವಂತಿಲ್ಲ. ಕಳೆದ ಶತಮಾನದ ನಡುವಿನ ಈ ನಿಯಮ ಬಂದಾಗ ಇ. ಕೊಲೈ ಒ157 ಎಂಬ ತಳಿಯ ಪರಿಚಯ ಯಾರಿಗೂ ಇರಲಿಲ್ಲ. ಅರವತ್ತು ದಿನ ಕಳೆದರೂ ಅದು ಚೀಸಿನಲ್ಲಿ ಬದುಕಿರಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. 2010ರಲ್ಲಿ ಅಲ್ಲಿನ ಹಸಿ ಹಾಲಿನ ಗೌಡಾ ಚೀಸಿನಿಂದ ಐದು ರಾಜ್ಯಗಳ 38 ಮಂದಿ ಕಾಯಿಲೆ ಬಿದ್ದರು. ಅರವತ್ತು ದಿನದ ನಿಯಮವನ್ನು ಸುರಕ್ಷತೆಯ ಖಾತ್ರಿ ಎಂದು ಗರ್ಭಿಣಿಯರಾಗಲಿ, ಚಿಕ್ಕ ಮಕ್ಕಳ ತಾಯಂದಿರಾಗಲಿ ನಂಬಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪಾಶ್ಚರೀಕರಿಸಿದ ಹಾಲಿನ ಕೇಸೊ ಫ್ರೆಸ್ಕೊ ಯಾಕೆ ಬೇಡ? ಹಾಲನ್ನು ಕಾಯಿಸಿದ ಮೇಲೆ ಚೀಸು ಇನ್ನೂ ಬಹಳ ಕೈಗಳನ್ನು, ಮೇಜುಗಳನ್ನು, ಅಚ್ಚುಗಳನ್ನು ಹಾದು ಬರುತ್ತದೆ. ಕಾರ್ಖಾನೆಯ ಒದ್ದೆ ನೆಲ, ಚರಂಡಿಯ ಬಾಯಿ, ಯಂತ್ರದ ಸಂದುಗಳು ಲಿಸ್ಟೀರಿಯಾದ ಮೆಚ್ಚಿನ ಜಾಗಗಳು. ಒಮ್ಮೆ ಅಲ್ಲಿ ನೆಲೆಯೂರಿದರೆ ವರ್ಷಗಟ್ಟಲೆ ಹೋಗುವುದಿಲ್ಲ. 2024ರ ಆರಂಭದಲ್ಲಿ ಅಮೆರಿಕದ ಅಧಿಕಾರಿಗಳು ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಕೇಸೊ ಫ್ರೆಸ್ಕೊ, ಕೊತಿಹಾ ಮುಂತಾದ ಚೀಸುಗಳನ್ನು ಹಿಂದಕ್ಕೆ ತರಿಸಿದರು. 2014ರಿಂದ 2023ರವರೆಗೆ, ಹತ್ತಿರ ಹತ್ತಿರ ಹತ್ತು ವರ್ಷ, ಹನ್ನೊಂದು ರಾಜ್ಯಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಂತೆ ಕಾಯಿಲೆ ಬಿದ್ದ 26 ಮಂದಿಯ ಮೈಯಲ್ಲಿ ಸಿಕ್ಕಿದ್ದು ಒಂದೇ ತಳಿ ಎಂದು ಜೀನೋಮ್ ಪರೀಕ್ಷೆಯಿಂದ ತಿಳಿದಿತ್ತು. ಅವರಲ್ಲಿ ಇಬ್ಬರು ಸತ್ತಿದ್ದರು. ಇಂಥ ಅನುಭವಗಳಿಂದಾಗಿಯೇ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು ಗರ್ಭಿಣಿಯರಿಗೆ ಈ ಬಗೆಯ ಚೀಸನ್ನು, ಯಾವ ಹಾಲಿನದ್ದೇ ಆಗಿರಲಿ, ಒಳಗಿನ ಶಾಖ 74 ಡಿಗ್ರಿ ಮುಟ್ಟುವಂತೆ ಬಿಸಿ ಮಾಡಿ ತಿನ್ನಲು ಹೇಳುತ್ತದೆ. ಸಾಮಾನ್ಯ ಅಡುಗೆಮನೆಯಲ್ಲಿ ಇದರ ಅರ್ಥ, ತವೆಯ ಮೇಲೋ ಪಲ್ಯದಲ್ಲೋ ತುಂಡಿನ ಒಳಗಿನಿಂದಲೂ ಹಬೆ ಏಳಬೇಕು. ತಿನ್ನುವ ಮೊದಲು ಮೇಲೆ ಉದುರಿಸಿಕೊಳ್ಳುವುದು ನಿಲ್ಲಬೇಕು.

ಗಿಣ್ಣು ಮತ್ತು ಪನೀರಿನ ಬಗ್ಗೆ ನಿಮಗೆ ಸಮಾಧಾನ ಹೇಳಬಲ್ಲೆ. ಗಿಣ್ಣುಹಾಲು ಹಸಿಯಾಗಿಯೇ ಬಂದರೂ ಅದನ್ನು ಹಬೆಯಲ್ಲಿ ಬೇಯಿಸಿದ ಮೇಲೆಯೇ ಅದು ಗಿಣ್ಣಾಗುವುದು. ಪನೀರಿಗೆ ಹಾಲು ಕುದಿ ಬರುವಷ್ಟು ಕಾಯಿಸಿದ ಮೇಲೆ ನಿಂಬೆರಸ ಹಿಂಡುತ್ತೇವೆ. ಎರಡರಲ್ಲೂ ಶಾಖ ಪಾಶ್ಚರೀಕರಣವನ್ನು ಮೀರಿದ್ದು. ನಮ್ಮ ಹಿರಿಯರು ಗಿಣ್ಣು ತಿಂದು ಚೆನ್ನಾಗಿದ್ದರು ಎಂಬುದು ಹಸಿ ಹಾಲಿನ ಪರವಾದ ವಾದವಾಗುವುದಿಲ್ಲ. ಪನೀರ್ ತಯಾರಾದ ಮೇಲೆ ಮಾತ್ರ ಅದೂ ಕೇಸೊ ಫ್ರೆಸ್ಕೊದಷ್ಟೇ ತೇವವುಳ್ಳ, ಅಷ್ಟೇ ಸುಲಭವಾಗಿ ಕೆಡುವ ಪದಾರ್ಥ. ಹಿಂಡುವ ಬಟ್ಟೆ ನಿನ್ನೆಯದಾಗಿದ್ದರೆ, ತಣ್ಣಗಾಗಲೆಂದು ಅದನ್ನು ಕಾಯಿಸದ ನೀರಿನಲ್ಲಿ ಮುಳುಗಿಸಿಟ್ಟರೆ, ಅಂಗಡಿಯಲ್ಲಿ ಬಿಡಿಯಾಗಿ ತೆರೆದಿಟ್ಟು ಮಾರಿದರೆ, ಕಾಯಿಸಿ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ. ನಿಮ್ಮ ಮಗಳು ಅಲ್ಲಿ ಸಿಗುವ ಪಾಶ್ಚರೀಕರಿಸಿದ ಹಾಲನ್ನು ಮನೆಯಲ್ಲಿ ಮತ್ತೊಮ್ಮೆ ಕುದಿಸಿ, ಬಿಸಿನೀರಿನಲ್ಲಿ ಕುದಿಸಿದ ಬಟ್ಟೆಯಲ್ಲಿ ಹಿಂಡಿ, ಆ ದಿನವೇ ಸಾರು ಪಲ್ಯಗಳಲ್ಲಿ ಬೇಯಿಸಿ ಬಳಸಲಿ. ಗಟ್ಟಿಯಾದ ಚೆಡ್ಡಾರ್, ಪಾರ್ಮೆಜಾನ್ ಮುಂತಾದವುಗಳನ್ನು ಪಾಶ್ಚರೀಕರಿಸಿದ ಹಾಲಿನದೆಂದು ನೋಡಿಕೊಂಡು ತಿನ್ನಬಹುದು. ಮೊಸರಿಗೂ ತಡೆಯಿಲ್ಲ, ಅದು ಕಾಯಿಸಿದ ಹಾಲಿಗೆ ಹೆಪ್ಪಿಟ್ಟದ್ದಾಗಿರಬೇಕು ಅಷ್ಟೆ. ಫ್ರಿಜ್ಜಿನಲ್ಲಿ ಈಗ ಉಳಿದಿರುವ ಕೇಸೊ ಫ್ರೆಸ್ಕೊವನ್ನು ಎಸೆದು, ಅದು ತಾಗಿದ್ದ ತಟ್ಟೆ, ಚಾಕು, ಫ್ರಿಜ್ಜಿನ ಅರೆಗಳನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ಒರೆಸಿ ತೆಗೆಯಲಿ.

ಕೊನೆಯ ಪ್ರಶ್ನೆ, ಈಗಾಗಲೇ ತಿಂದಿರುವುದರ ಬಗ್ಗೆ. ನೆನಪಿರಲಿ, ಹೆಚ್ಚಿನ ಚೀಸಿನಲ್ಲಿ ರೋಗಾಣು ಇರುವುದಿಲ್ಲ, ಇದ್ದರೂ ತಿಂದವರಿಗೆಲ್ಲ ಸೋಂಕಾಗುವುದಿಲ್ಲ. ಮೈಯಲ್ಲಿ ಯಾವ ಲಕ್ಷಣವೂ ಇಲ್ಲದಿರುವಾಗ ರಕ್ತಪರೀಕ್ಷೆಯಾಗಲಿ, ಮುಂಜಾಗ್ರತೆಯೆಂದು ಆ್ಯಂಟಿಬಯಾಟಿಕ್ ಆಗಲಿ ಬೇಕಿಲ್ಲ ಎಂಬುದೇ ಅಮೆರಿಕದ ಪ್ರಸೂತಿ ತಜ್ಞರ ಸಂಘದ ಸಲಹೆ. ಆದರೆ ತಿಂದ ಬಳಿಕದ ಎರಡು ತಿಂಗಳೊಳಗೆ ಜ್ವರ 38.1 ಡಿಗ್ರಿ ಸೆಲ್ಸಿಯಸ್, ಅಂದರೆ ಅಲ್ಲಿನ ಥರ್ಮಾಮೀಟರಿನಲ್ಲಿ 100.6 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಜೊತೆಗೆ ಮೈಕೈ ನೋವು, ತಲೆನೋವು, ಬೇಧಿ ಇದ್ದರಂತೂ, ಪ್ಯಾರಸಿಟಮಾಲ್ ನುಂಗಿ ನಾಳೆ ನೋಡೋಣ ಎಂದು ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಗುವಿನ ಅಲುಗಾಟ ಕಡಿಮೆಯಾದರೂ ಹಾಗೆಯೇ. ವೈದ್ಯರು ಕೇಳುವವರೆಗೆ ಕಾಯದೆ, ‘ಇಂಥ ತಿಂಗಳಲ್ಲಿ ಹಸಿ ಹಾಲಿನ ಮೆದು ಚೀಸ್ ತಿಂದಿದ್ದೇನೆ’ ಎಂದು ಮೊದಲ ಮಾತಿಗೇ ಹೇಳಬೇಕು. ಲಿಸ್ಟೀರಿಯಾ ಪತ್ತೆಯಾಗುವುದು ರಕ್ತದ ಕಲ್ಚರ್ ಪರೀಕ್ಷೆಯಲ್ಲಿ. ಅದರ ಯೋಚನೆ ಬಾರದಿದ್ದರೆ ವೈದ್ಯರು ಇದನ್ನು ಸಾಧಾರಣ ಫ್ಲೂ ಎಂದುಕೊಳ್ಳುವುದು ಸಹಜ. ಜ್ವರಕ್ಕೆ ಸಾಮಾನ್ಯವಾಗಿ ಕೊಡುವ ಸೆಫಲೊಸ್ಪೊರಿನ್ ಗುಂಪಿನ ಔಷಧಗಳಿಗೆ ಈ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ. ರಕ್ತನಾಳದ ಮೂಲಕ ಆ್ಯಂಪಿಸಿಲಿನ್ ಕೊಟ್ಟರೆ ಜಗ್ಗುತ್ತದೆ, ಸಕಾಲದಲ್ಲಿ ಶುರು ಮಾಡಿದ ಚಿಕಿತ್ಸೆಯಿಂದ ತಾಯಿಯ ಜೊತೆಗೆ ಮಗುವೂ ಉಳಿದ ಉದಾಹರಣೆಗಳು ಸಾಕಷ್ಟಿವೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನೂ ಆಗಲೇ ತಿಳಿಸಲಿ, ಅದಕ್ಕೆ ಬೇರೆ ಔಷಧವಿದೆ.